ಆ ವಿಡಿಯೊದಲ್ಲಿ ಎಂಜಿನ್ ಚಾಲು ಆಗೋದು ಎಲ್ಲಿದೆ?

ಗುಂಪು: ಮನೆ ಮಂದಿ, ಬಾಗಲಕೋಟೆ
ಭಾನುವಾರ

ಅಳಿಯ, ರಾತ್ರಿ 8:12
(ಫಾರ್ವರ್ಡ್ ಆದ ವಿಡಿಯೊ) ಕಾರ್ ಕೀ ಕಳೆದರೆ ಶೋರೂಮಿಗೆ ಹೋಗಿ ಮೋಸ ಹೋಗಬೇಡಿ! ಬರೀ 150 ರೂಪಾಯಿಗೆ ಡುಪ್ಲಿಕೇಟ್ ಕೀ! ಎಲ್ಲರಿಗೂ ಕಳಿಸಿ.

ಅಳಿಯ, 8:13
ಅತ್ತೆ, ನಿಮ್ಮ ಕಾರಿನ ಒಂದು ಕೀ ಕಳೆದಿದೆಯಲ್ಲ, ಇದು ನಿಮಗೇ ಕಳಿಸಿದ್ದು. ನೋಡಿ.

ವೈನಿ, 8:17
ನೋಡಿದೆ. ಶೋರೂಮಿನವರು 13,500 ಅಂದಿದ್ದಾರೆ. ಈ ಪುಣ್ಯಾತ್ಮ 150ಕ್ಕೆ ಮಾಡ್ತಾನೆ ಅಂದರೆ ನಾಳೆಯೇ ಹೋಗ್ತೀನಿ.

ಕಾಕಾ, 8:19
ಬೇಡ. ಶೋರೂಮಿನಲ್ಲೇ ಮಾಡಿಸಿ. ಕಾರಿನ ಕೀ ಯಾರದೋ ಕೈಗೆ ಕೊಟ್ಟರೆ ನಿಮಗೊಂದು ಮಾಡಿ ತನಗೊಂದು ಇಟ್ಟುಕೊಳ್ತಾನೆ. ಆಮೇಲೆ ರಾತ್ರಿ ನಿದ್ದೆ ಬರುತ್ತಾ?

ನಾನು, 8:22
ಎಲ್ಲರೂ ವಿಡಿಯೊ ಇನ್ನೊಮ್ಮೆ ಕೊನೆ ತನಕ ನೋಡಿ. ಕೀ ಕಡಿದ, ಬಾಗಿಲು ತೆಗೆದ, ನಕ್ಕ, ವಿಡಿಯೊ ಮುಗಿಯಿತು. ಎಂಜಿನ್ ಚಾಲು ಮಾಡಿದ್ದು ಎಲ್ಲಿದೆ?

ಅಳಿಯ, 8:24
ಬಾಗಿಲು ತೆರೆಯಿತು ಅಂದಮೇಲೆ ಚಾಲೂ ಆಗುತ್ತೆ ಅಲ್ವಾ ಮಾಮಾ? ನನ್ನ ಬೈಕಿಗೆ 80 ರೂಪಾಯಿಯಲ್ಲಿ ಮಾಡಿಸಿದೆ, ಇವತ್ತಿಗೂ ನಡೀತಿದೆ.

ನಾನು, 8:27
ನಿನ್ನ ಬೈಕಿನ ಕೀಯಲ್ಲಿ ಚಿಪ್ ಇಲ್ಲ, ಅದಕ್ಕೆ. ಅಜ್ಜನ ಹಳೆ ಕಾರಿಗೂ ಹಾಗೇ ಆಗುತ್ತಿತ್ತು. ವೈನಿಯ ಕಾರಿನ ಕೀ ತಲೆಯೊಳಗೆ ಒಂದು ಸಣ್ಣ ಚಿಪ್ ಇರುತ್ತೆ. ಅದಕ್ಕೆ ಬ್ಯಾಟರಿ ಬೇಕಿಲ್ಲ. ಕೀ ಹಾಕುವ ತೂತಿನ ಸುತ್ತ ಒಂದು ತಂತಿಯ ಬಳೆ ಇದೆ, ಅದರಿಂದಲೇ ಚಿಪ್ಪಿಗೆ ಶಕ್ತಿ ಸಿಗುತ್ತೆ. ಆಗ ಚಿಪ್ ತನ್ನ ಗುರುತು ಹೇಳುತ್ತೆ. ಕಾರಿನ ಕಂಪ್ಯೂಟರ್ ಒಪ್ಪಿದರೆ ಮಾತ್ರ ಎಂಜಿನ್ ನಡೆಯುತ್ತೆ. ಹಲ್ಲು ಎಷ್ಟೇ ಸರಿಯಾಗಿ ಕಡಿದರೂ ಚಿಪ್ ಇಲ್ಲದಿದ್ದರೆ ಬಾಗಿಲ ತನಕ ಮಾತ್ರ.

ಕಾಕಾ, 8:29
ಅದಕ್ಕೇ ಹೇಳಿದ್ದು, ಶೋರೂಮು ಅಂತ.

ನಾನು, 8:30
ಕಾಕಾ, ಇನ್ನೂ ಮುಗಿದಿಲ್ಲ. ವೈನಿ, ಉಳಿದ ಕೀಯ ತಲೆಗೆ ಚಪಾತಿ ಸುತ್ತುವ ಫಾಯಿಲ್ ಎರಡು ಸುತ್ತು ಬಿಗಿಯಾಗಿ ಸುತ್ತಿ. ಹಲ್ಲಿನ ಭಾಗ ಬಿಡಿ. ಹೋಗಿ ಕಾರು ಚಾಲು ಮಾಡಿ ನೋಡಿ.

ವೈನಿ, 8:41
ಗುರ್ ಅಂತು, ತಕ್ಷಣ ನಿಂತಿತು. ಮೂರು ಸಲ ನೋಡಿದೆ. ಮೀಟರಿನಲ್ಲಿ ಒಂದು ಕೀ ಚಿತ್ರ ಮಿಣುಕುತ್ತಿದೆ. ಫಾಯಿಲ್ ತೆಗೆದೆ, ಒಂದೇ ಸಲಕ್ಕೆ ಚಾಲು ಆಯಿತು.

ನಾನು, 8:42
ಫಾಯಿಲ್ ಇದ್ದಾಗ ಚಿಪ್ಪಿನ ಗುರುತು ಕಾರಿಗೆ ಮುಟ್ಟಲಿಲ್ಲ, ಅಷ್ಟೇ. 150 ರೂಪಾಯಿ ಕೀ ಹಾಕಿದರೆ ಆಗೋದು ಇದೇ. ಅಳಿಯಾ, ಗೊತ್ತಾಯಿತಾ?

ಅಳಿಯ, 8:44
ಆಯಿತು. ಆದರೆ 13,500 ಜಾಸ್ತಿ ಆಗಲಿಲ್ವಾ? ಬರೀ ಚಿಪ್ಪಿಗೆ?

ನಾನು, 8:45
ಜಾಸ್ತಿಯೇ. ಅದನ್ನೂ ಕೊಡಬೇಕಿಲ್ಲ. ಯಾಕೆಂದರೆ ವೈನಿಯ ಕೈಯಲ್ಲಿ ಇನ್ನೂ ಒಂದು ಕೀ ಇದೆ. ನನ್ನ ಕೈಯಲ್ಲಿ ಅದೂ ಇರಲಿಲ್ಲ. ಅವತ್ತು ಗುಂಪಿನಲ್ಲಿ ಪೂರ್ತಿ ಹೇಳಿರಲಿಲ್ಲ, ಈಗ ಕೇಳಿ.

ನಾನು, 8:53
ನನ್ನ ಒಂದು ಕೀ ಇಳಕಲ್‌ನ ಮದುವೆಯಲ್ಲಿ ಹೋಯಿತು. ಇನ್ನೊಂದು ಇದೆಯಲ್ಲ ಅಂತ ಎರಡು ವರ್ಷ ಸುಮ್ನೆ ಕೂತೆ. ಉಳಿದ ಕೀಯ ಪ್ಲಾಸ್ಟಿಕ್ ಕವಚ ಸೀಳಿತು. ಆನ್‌ಲೈನಿನಲ್ಲಿ 250 ರೂಪಾಯಿಗೆ ಖಾಲಿ ಕವಚ ತರಿಸಿದೆ. ಒಳಗಿನ ಬೋರ್ಡನ್ನು ಹಳೆ ಕವಚದಿಂದ ತೆಗೆದು ಹೊಸದಕ್ಕೆ ಕೂರಿಸಿದೆ, ಬಿಲ್ಲೆ ಬ್ಯಾಟರಿ ಹೊಸದು ಹಾಕಿದೆ, ಹಳೆ ಕವಚ ಕಸದ ಗಾಡಿಗೆ ಹಾಕಿದೆ. ಗುಂಡಿ ಒತ್ತಿದರೆ ಬಾಗಿಲು ಟಕ್ ಅಂತ ತೆರೆಯಿತು. ಎಂಜಿನ್ ಮಾತ್ರ ಹಿಡಿಯಲಿಲ್ಲ. ಬಾಗಿಲು ತೆಗೆಯುವ ರಿಮೋಟ್ ಬೇರೆ, ಎಂಜಿನ್ನಿಗೆ ಅಪ್ಪಣೆ ಕೊಡುವ ಚಿಪ್ ಬೇರೆ. ನನ್ನ ಕೀಯಲ್ಲಿ ಚಿಪ್ ಬೋರ್ಡಿನ ಮೇಲೆ ಇರಲೇ ಇಲ್ಲ. ಹಳೆ ಕವಚದ ಮೂಲೆಯ ಸಂದಿಯಲ್ಲಿ ಕೂತಿತ್ತು. ಶೇಂಗಾ ಬೀಜದಷ್ಟೂ ಇಲ್ಲದ ಕರಿ ತುಂಡು.

ಎರಡೂ ಕೀ ಹೋದಂತಾಯಿತು. ಕಾರನ್ನು ಎಳೆಸಿಕೊಂಡು ಹುಬ್ಬಳ್ಳಿಗೆ ಒಯ್ದೆ. ಹನ್ನೊಂದು ದಿನ, 19,000 ರೂಪಾಯಿ. ಅದೇ ವಾರ ಅವ್ವನನ್ನು ಎರಡು ಸಲ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಪಕ್ಕದ ಮನೆಯವರ ಕಾರು ಕೇಳಿದೆ. ಅವ್ವ ಹಿಂದೆ ಕೂತು ಮಾತೇ ಆಡಲಿಲ್ಲ. ಆ ದುಡ್ಡು ಮರೆತೇನು, ಅದನ್ನು ಮರೆಯೋಕೆ ಆಗಲ್ಲ.

ವೈನಿ, 8:56
ಇದು ನಮಗೆ ಗೊತ್ತೇ ಇರಲಿಲ್ಲ.

ಕಾಕಾ, 8:58
ಸರಿ ತಮ್ಮಾ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಹೊರಗಿನವನು ತನಗೊಂದು ಮಾಡಿಕೊಂಡರೆ?

ನಾನು, 9:03
ಒಳ್ಳೆ ಪ್ರಶ್ನೆ. ಹೊರಗೆ ಎರಡು ಥರ ಮಾಡ್ತಾರೆ. ಒಂದು, ಇರುವ ಚಿಪ್ಪಿನ ನಕಲು. ಕಡಿಮೆ ದುಡ್ಡು, ಬೇಗ ಆಗುತ್ತೆ. ಆದರೆ ಕಾರಿಗೆ ಅದೂ ಹಳೆಯದೂ ಒಂದೇ, ಅವನು ಇನ್ನೊಂದು ನಕಲು ಇಟ್ಟುಕೊಂಡರೂ ಗೊತ್ತಾಗಲ್ಲ. ಎರಡನೆಯದು, ಸ್ಟೀರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ, ಅಂದರೆ ಕಾರಿನ ಕಂಪ್ಯೂಟರಿನ ಜೊತೆ ಮಾತಾಡುವ ಸಾಕೆಟ್ಟಿಗೆ, ಯಂತ್ರ ಸಿಕ್ಕಿಸಿ ಹೊಸ ಕೀಯನ್ನು ಕಾರಿಗೆ ನೋಂದಾಯಿಸುವುದು. ಇದನ್ನೇ ಮಾಡಿಸಿ. ಕಾರಿನಲ್ಲಿ ಎಷ್ಟು ಕೀ ನೋಂದಣಿ ಆಗಿವೆ ಅಂತ ಬಹುಪಾಲು ಯಂತ್ರಗಳ ಪರದೆಯಲ್ಲಿ ಕಾಣುತ್ತೆ. ಎರಡು ಅಂತ ಕಾಣಬೇಕು, ಮೂರು ಅಲ್ಲ. ಕಳೆದುಹೋದ ಕೀಯ ಗುರುತನ್ನು ಅಳಿಸಿಬಿಡಿ ಅಂತಾನೂ ಹೇಳಿ. ಆಗ ಅದು ಯಾರಿಗೆ ಸಿಕ್ಕರೂ ಬಾಗಿಲು ತೆಗೆದಾನು, ಎಂಜಿನ್ ಚಾಲು ಮಾಡಲಾರ.

ನಾನು, 9:05
ಮತ್ತೆ ಕಾರು, ಕೀ ಬಿಟ್ಟು ಎಲ್ಲೂ ಹೋಗಬೇಡಿ. ಅಲ್ಲೇ ನಿಲ್ಲಿ. ಆರ್‌ಸಿ, ನಿಮ್ಮ ಗುರುತಿನ ಚೀಟಿ ತೋರಿಸಿ ಅಂತ ಕೇಳುವವನ ಹತ್ತಿರವೇ ಮಾಡಿಸಿ. ಕಾಗದ ಕೇಳದವನು ಕಳ್ಳ ಬಂದರೂ ಮಾಡಿಕೊಡ್ತಾನೆ. ನನ್ನ ಕಾರಿನ ಮಾದರಿಗೆ ಹೊರಗೆ ಕೀ ಮಾಡುವವನೊಬ್ಬ ನೋಂದಣಿ ಸೇರಿ 3,200 ಹೇಳಿದ್ದ. ಕೇಳಿ ನೋಡಿ.

ಕಾಕಾ, 9:08
ಹಾಗಾದರೆ ನಾನೂ ಒಂದು ಮಾತು ಹೇಳ್ತೀನಿ. ಮೊದಲು ಪೊಲೀಸರಿಗೆ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ನಾಳೆ ಕಾರೇ ಕಳುವಾದರೆ ವಿಮೆಯವರು ಎರಡೂ ಅಸಲು ಕೀ ಕೊಡಿ ಅಂತಾರೆ. ಒಂದೇ ಕೊಟ್ಟರೆ ಅನುಮಾನ ಶುರು. ವಿಮೆಯಲ್ಲಿ ಕೀ ರಿಪ್ಲೇಸ್‌ಮೆಂಟ್ ಅಂತ ಆಡ್-ಆನ್, ಅಂದರೆ ಹೆಚ್ಚು ದುಡ್ಡು ಕಟ್ಟಿ ಸೇರಿಸುವ ರಕ್ಷಣೆ, ಇದೆಯಾ ಅಂತಾನೂ ನೋಡಿ. ಇದ್ದರೆ ಶೋರೂಮಿನ ಖರ್ಚೇ ವಾಪಸ್ ಸಿಗಬಹುದು.

ನಾನು, 9:10
ಕಾಕಾ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ವೈನಿ, ಮೊದಲು ಅದನ್ನೇ ನೋಡಿ. ಆಡ್-ಆನ್ ಇದ್ದರೆ ಶೋರೂಮಿಗೇ ಹೋಗಿ.

ವೈನಿ, 9:21
ಪಾಲಿಸಿ ತೆಗೆದು ನೋಡಿದೆ. ಝೀರೊ ಡೆಪ್ ಇದೆ, ಕೀ ಅಂತ ಎಲ್ಲೂ ಇಲ್ಲ.

ಕಾಕಾ, 9:22
ಝೀರೊ ಡೆಪ್ ಬೇರೆ, ಅದು ರಿಪೇರಿಯಲ್ಲಿ ಬಿಡಿಭಾಗ ಹಳೆಯದು ಅಂತ ದುಡ್ಡು ಕಡಿಯದೆ ಇರೋಕೆ. ಅದರಲ್ಲಿ ಕೀ ಸೇರಲ್ಲ. ಮುಂದಿನ ಸಲ ಸೇರಿಸಿ. ದೂರು ಮಾತ್ರ ಬಿಡಬೇಡಿ. ಕೀ ಹೋದದ್ದು ಎಲ್ಲಿ?

ವೈನಿ, 9:24
ಕೂಡಲಸಂಗಮದಲ್ಲಿ. ಹೊಳೆ ಕೂಡುವಲ್ಲಿ ಸ್ನಾನ ಮಾಡುವಾಗ ಇವರ ಅಂಗಿ ಜೇಬಿನಿಂದ ನೀರಿಗೆ ಬಿತ್ತೋ, ದಂಡೆಯಲ್ಲಿ ಬಿತ್ತೋ ಗೊತ್ತಿಲ್ಲ. ನನ್ನ ಚೀಲದಲ್ಲಿ ಇನ್ನೊಂದು ಇದ್ದದ್ದಕ್ಕೆ ಮನೆ ಸೇರಿದೆವು.

ಅಳಿಯ, 9:26
ಅತ್ತೆ, ನಾಳೆ ಹತ್ತು ಗಂಟೆಗೆ ನವನಗರಕ್ಕೆ ಬರ್ತೀನಿ. ಮೊದಲು ಠಾಣೆ, ಆಮೇಲೆ ಕೀ. ಯಂತ್ರದ ಪರದೆ ನಾನು ನೋಡ್ತೀನಿ. ಆ ವಿಡಿಯೊ ಮೂರು ಗುಂಪಿಗೆ ಕಳಿಸಿದ್ದೆ, ಎಲ್ಲ ಕಡೆ ಡಿಲೀಟ್ ಮಾಡಿದೆ.

ನಾನು, 9:28
ಶಾಣ್ಯಾ. ವೈನಿ, ಕಾರು ಕೊಂಡಾಗ ಕೀ ಗೊಂಚಲಿನ ಜೊತೆ ಒಂದು ಸಣ್ಣ ಬಿಲ್ಲೆ ಕೊಟ್ಟಿದ್ದರಾ? ಮೇಲೆ ನಂಬರ್ ಇರುತ್ತೆ. ಅದಿದ್ದರೆ ಸವೆದ ಹಲ್ಲು ನೋಡಿ ಕಡಿಯೋದು ಬೇಡ, ನಂಬರಿನಿಂದಲೇ ಹೊಸದರಂತೆ ಕಡಿಯಬಹುದು.

ವೈನಿ, 9:37
ತಿಜೋರಿಯಲ್ಲಿ ಸಿಕ್ಕಿತು! ಇದೇನಾ? (ಫೋಟೊ)

ನಾನು, 9:37
ಅದೇ. ಫೋಟೊ ಈಗಲೇ ಡಿಲೀಟ್ ಮಾಡಿ, ಎಲ್ಲರಿಗೂ ಅಂತ ಒತ್ತಿ. ಆ ನಂಬರ್ ಇದ್ದರೆ ಯಾರು ಬೇಕಾದರೂ ಕೀ ಕಡಿಸಬಹುದು.

ಈ ಸಂದೇಶವನ್ನು ಅಳಿಸಲಾಗಿದೆ

ಕಾಕಾ, 9:39
ನನ್ನ ಫೋನಿನಲ್ಲೂ ಹೋಯಿತು. ಬಿಲ್ಲೆ ಮತ್ತೆ ತಿಜೋರಿಯಲ್ಲೇ ಇಡಿ.