ಹಾಜರಾತಿ ಪುಸ್ತಕದ ಹೆಬ್ಬೆಟ್ಟು ಒಪ್ಪಿಗೆ ಆಗುತ್ತಾ?

ಹುಣಸೆತೋಪು:
ನಾವು ಪಾವಗಡ ಕಡೆಯೋರು, ನಾಯಕ ಜನ. ಹಟ್ಟಿ ಹಿಂದಿನ ಗುಡ್ಡ ಅರಣ್ಯ ಇಲಾಖೇದು. ಸೀತಾಫಲ, ಹೊಂಗೆ ಬೀಜ, ಪೊರಕೆಗೆ ಈಚಲು ಗರಿ ಎಲ್ಲಾ ಅಲ್ಲಿಂದಲೇ. ಗುಡ್ಡದ ಬುಡದಲ್ಲಿ ಮಾವನ ಕಾಲದಿಂದ ಎರಡೆಕರೆ ಶೇಂಗಾ ಹಾಕ್ತೀವಿ, ಪಹಣಿಯಲ್ಲಿ ನಮ್ಮ ಹೆಸರಿಲ್ಲ. ಯುಗಾದಿ ಆದಮೇಲೆ ಯಾರೋ ಬಂದು ಬಂಡೆಗಳ ಮೇಲೆ ಕೆಂಪು ನಂಬರ್ ಬರೆದು ಹೋದ್ರು. ಕರೆಂಟ್ ಮಾಡೋ ದೊಡ್ಡ ಗಾಳಿ ಫ್ಯಾನು ನೆಡ್ತಾರಂತೆ.

ಆಮೇಲೊಂದಿನ ಕುಡಿಯೋ ನೀರಿನ ಸಭೆ ಅಂತ ಕರೆದ್ರು. ನಮ್ಮತ್ತೆ ಹೋಗಿ ಹೆಬ್ಬೆಟ್ಟು ಒತ್ತಿ, ಖಾರಾಬೂಂದಿ ಪೊಟ್ಟಣ ಹಿಡ್ಕೊಂಡು ಬಂದ್ರು. ಬೆರಳಿನ ನೀಲಿ ಎರಡು ದಿನ ಹೋಗ್ಲಿಲ್ಲ. ಈಗ ಕಂಪನಿ ಹುಡುಗ್ರು "ನಿಮ್ಮೂರು ಆಗ್ಲೇ ಒಪ್ಪಿದೆ" ಅಂತಾರೆ. ಇದು ನಡೆಯುತ್ತಾ? ಪೆಸಾ ಕಾಯ್ದೆ ಅಂತ ಯಾರೋ ಹೇಳಿದ್ರು, ಅದು ನಮಗೆ ಬರುತ್ತಾ?

ಮಧುಗಿರಿ ಮೇಷ್ಟ್ರು:
ಪೆಸಾ ಮರೆತುಬಿಡಿ ತಾಯಿ. ಬುಡಕಟ್ಟು ಪ್ರದೇಶದ ಗ್ರಾಮಸಭೆಗೆ ಅಧಿಕಾರ ಕೊಡೋ ಕಾಯ್ದೆ ಅದು; ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಗೆ ಮಾತ್ರ, ಕರ್ನಾಟಕದಲ್ಲಿ ಅಂಥ ಒಂದು ಪ್ರದೇಶವೂ ಇಲ್ಲ. ನಿಮ್ಮ ಕೈಯಲ್ಲಿರೋದು 2006ರ ಅರಣ್ಯ ಹಕ್ಕು ಕಾಯ್ದೆ. 13-12-2005ಕ್ಕೆ ಮೊದಲಿಂದ ಉಳುಮೆ ಇದ್ದರೆ ನಮೂನೆ ಎ, ಹಣ್ಣು-ಬೀಜ-ಗರಿಗೆ ಊರಿನ ಪರವಾಗಿ ನಮೂನೆ ಬಿ. ಅರ್ಜಿ ಹಾಕಿ, ಅದು ಇತ್ಯರ್ಥ ಆಗೋವರೆಗೂ ಎಬ್ಬಿಸೋ ಹಾಗಿಲ್ಲ.

ಹೆಬ್ಬೆಟ್ಟಿನ ವಿಷಯ. ಈ ಕಾಯ್ದೆಯ ಗ್ರಾಮಸಭೆಗೆ ವಯಸ್ಕರಲ್ಲಿ ಅರ್ಧದಷ್ಟಾದ್ರೂ ಜನ ಇರಬೇಕು, ಬಂದೋರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಹಾಜರಾತಿ ಬೇರೆ, ಠರಾವು ಬೇರೆ. ಮೊದಲು ಆ ಪುಸ್ತಕ ನೋಡಿ.

ತಿರುಮಣಿ ಬಿಸಿಲು:
ನಮ್ಮ ಕಡೆ ಸೋಲಾರ್ ಪಾರ್ಕ್ ಬಂದಾಗ ಭೂಮಿ ಕಿತ್ಕೊಳ್ಲಿಲ್ಲ, ಗುತ್ತಿಗೆಗೆ ತಗೊಂಡ್ರು. 13,000 ಎಕರೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ಪಹಣಿ ಇದ್ದೋರು ಸಹಿ ಹಾಕಿದ್ರು, ದುಡ್ಡೂ ಬಂತು, ಸುಳ್ಳು ಹೇಳಲ್ಲ. ಆದ್ರೆ ಆ ಹೊಲಗಳಲ್ಲೇ ಕೂಲಿ ಮಾಡಿ, ಕುರಿ ಮೇಯಿಸ್ತಿದ್ದ ನಮ್ಮಂಥೋರನ್ನ ಯಾರೂ ಒಂದು ಮಾತು ಕೇಳ್ಲಿಲ್ಲ. ಕೇಳೋ ಕಾಗದದಲ್ಲಿ ನಮ್ಮ ಹೆಸರೇ ಇರ್ಲಿಲ್ಲವಲ್ಲ! ನಿಮಗೆ ಅರಣ್ಯ ಹಕ್ಕು ಕಾಯ್ದೆ ಆದ್ರೂ ಇದೆ.

ಕೋಲಾರದವ:
ಒಡಿಶಾದ ನಿಯಮಗಿರಿ ಬೆಟ್ಟದ ಕಥೆ ಓದಿ. ಬಾಕ್ಸೈಟ್ ಗಣಿ ಬಗ್ಗೆ ಗ್ರಾಮಸಭೆಗಳನ್ನೇ ಕೇಳಿ ಅಂತ 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜಿಲ್ಲಾ ನ್ಯಾಯಾಧೀಶರ ಎದುರು 12 ಹಳ್ಳಿ ಸಭೆ ಸೇರಿದವು, 12ಕ್ಕೆ 12ವೂ ಬೇಡ ಅಂದವು. ಮರುವರ್ಷ ಕೇಂದ್ರವೂ ಅನುಮತಿ ಕೊಡಲಿಲ್ಲ. ಆದರೆ 2022ರ ಅರಣ್ಯ ಸಂರಕ್ಷಣಾ ನಿಯಮ ಬಂದಮೇಲೆ ಅರಣ್ಯ ಹಕ್ಕು ಕಾಯ್ದೆ ಪಾಲಿಸೋ ಹೊರೆ ರಾಜ್ಯದ ತಲೆಗೆ ಬಿದ್ದಿದೆ, ಕೇಂದ್ರದ ಅನುಮತಿ ಮೊದಲೇ ಆಗಿಬಿಡಬಹುದು. ತಡ ಮಾಡಬೇಡಿ.

ಹುಣಸೆತೋಪು:
ಪುಸ್ತಕ ನೋಡ್ದೆ. ಹತ್ತು ರೂಪಾಯಿ ಮಾಹಿತಿ ಹಕ್ಕು ಅರ್ಜಿ ತೋರಿಸಿದ ಮೇಲೇ ಬೀರು ತೆಗೆದ್ರು. ಹಾಳೆ ಮೇಲ್ಗಡೆ "ಕುಡಿಯುವ ನೀರು" ಅಂತ ನೀಲಿ ಶಾಯಿ, ಅದರ ಕೆಳಗೆ ಇಕ್ಕಟ್ಟಲ್ಲಿ ಕಪ್ಪು ಶಾಯಿಯಲ್ಲಿ ಫ್ಯಾನಿನ ವಿಷಯ. ನಮ್ಮ ಹಟ್ಟೀಲಿ ವೋಟಿರೋರು 230 ಜನ. ಅಲ್ಲಿರೋ ಸಹಿ, ಹೆಬ್ಬೆಟ್ಟು ಎಲ್ಲಾ ಸೇರಿ 41. ಫೋಟೊ ತಗೊಂಡಿದ್ದೀನಿ. ಅತ್ತೆಗೆ ತೋರಿಸಿದ್ರೆ, "ಅದು ನಂದೇ, ಆದ್ರೆ ನಾನು ನಲ್ಲಿಗೆ ಒತ್ತಿದ್ದು" ಅಂದ್ರು. ಸೋಮವಾರ ನಮೂನೆ ಎ ತುಂಬ್ತೀವಿ. ಮೇಷ್ಟ್ರೇ, ಸಾಕ್ಷಿಗೆ ಹಟ್ಟಿ ಹಿರಿಯರ ಹೇಳಿಕೆ ನಡೆಯುತ್ತಾ?

ಮಧುಗಿರಿ ಮೇಷ್ಟ್ರು:
ನಡೆಯುತ್ತೆ, ಬರೆಸಿ ಸಹಿ ಹಾಕಿಸಿ. ಅದೊಂದೇ ಸಾಲದು, ಆ ಉಳುಮೆಗೆ ಅರಣ್ಯ ಇಲಾಖೆ ಹಾಕಿದ ಹಳೇ ದಂಡದ ರಸೀದಿ ಇದ್ದರೆ ಹುಡುಕಿ.