ಪದಚರ್ಚೆ: ಆಕರ, ಆಧಾರ, ಉಲ್ಲೇಖ, ಉದ್ಧರಣೆ

ಪ್ರಶ್ನೆ

ಮಾನ್ಯರೇ, ಎಂ.ಎ. ತರಗತಿಗೆ ‘ಕಾವ್ಯದಲ್ಲಿ ಧ್ವನಿ’ (ನೇರವಾಗಿ ಹೇಳದೆ ಸೂಚಿಸುವ ಅರ್ಥ) ಎಂಬ ವಿಷಯದ ಮೇಲೆ 1,500 ಪದಗಳ ಪ್ರಬಂಧ ಬರೆಯಬೇಕಿದೆ. ‘ಆಕರಗಳನ್ನು ಬಳಸಿ ವಿವರಿಸಿ’ ಎಂಬ ಸೂಚನೆ ಇದೆ. ಆಕರ, ಆಧಾರ, ಉಲ್ಲೇಖ, ಉದ್ಧರಣೆ ನಾಲ್ಕನ್ನೂ ಒಂದರ ಜಾಗದಲ್ಲಿ ಇನ್ನೊಂದು ಬಳಸುವುದನ್ನು ಕಂಡಿದ್ದೇನೆ. ನಿಜಕ್ಕೂ ವ್ಯತ್ಯಾಸವಿದೆಯೇ? ಹಾಗೆಯೇ, ಧ್ವನಿಯ ಬಗ್ಗೆ ‘ಧ್ವನ್ಯಾಲೋಕ’ ಎಂಬ ಸಂಸ್ಕೃತ ಗ್ರಂಥ ಬರೆದವನನ್ನು ಹೆಸರಿಸಿ ‘ಆನಂದವರ್ಧನನ ಪ್ರಕಾರ’ ಎಂದು ಪ್ಯಾರಾದ ಮೊದಲಲ್ಲಿ ಒಮ್ಮೆ ಹೇಳಿದರೆ ಸಾಕೇ?

ಉತ್ತರ 1

ವ್ಯತ್ಯಾಸವಿದೆ. ಆಕರ ಎಂದರೆ ಗಣಿ; ನೀವು ಅಗೆಯುವ ಪುಸ್ತಕ, ಶಾಸನ, ಲೇಖನ. ಉಲ್ಲೇಖ ಎಂದರೆ ಅದನ್ನು ಹೆಸರಿಸುವುದು. ಉದ್ಧರಣೆ ಎಂದರೆ ಅದರ ಮಾತನ್ನು ಅಕ್ಷರವೂ ಬದಲಾಗದಂತೆ ಎತ್ತಿ ಇಡುವುದು. ಪಂಚಪಾತ್ರೆಯಿಂದ ನೀರು ಎತ್ತುವ ಚಮಚಕ್ಕೂ ಉದ್ಧರಣೆ ಎಂದೇ ಹೆಸರು. (‘ಉದ್ದರಣೆ’ ಅಲ್ಲ, ಮಹಾಪ್ರಾಣ ಬೇಕು.) ಇವು ಮೂರೂ ಪುಸ್ತಕಕ್ಕೆ ಸಂಬಂಧಿಸಿದವು. ಆಧಾರ ಮಾತ್ರ ನಿಮ್ಮ ವಾಕ್ಯಕ್ಕೆ ಸಂಬಂಧಿಸಿದ್ದು; ಆ ವಾಕ್ಯ ನಿಜವೆಂದು ತೋರಿಸುವ ಪುರಾವೆ. ಆಕರವಾದದ್ದೆಲ್ಲ ಆಧಾರವಾಗುವುದಿಲ್ಲ.

ನಿಮ್ಮ ವಿಷಯದಲ್ಲೇ ನೋಡಿ. ಕವಿರಾಜಮಾರ್ಗದ ಮೂರನೆಯ ಪರಿಚ್ಛೇದದಲ್ಲಿ ‘ಧ್ವನಿಯೆಂಬುದಳಂಕಾರಂ’ ಎಂದಿದೆ. ಇದನ್ನು ಉದ್ಧರಿಸಿ ‘9ನೆಯ ಶತಮಾನದ ಕನ್ನಡ ಕಾವ್ಯಚರ್ಚೆಯಲ್ಲಿ ಧ್ವನಿ ಎಂಬ ಪರಿಭಾಷೆ ಇತ್ತು’ ಎಂದರೆ ಮಾತಿಗೆ ಆಧಾರವಿದೆ. ಅದನ್ನೇ ತೋರಿಸಿ ‘ಮಾರ್ಗಕಾರನು (ಕವಿರಾಜಮಾರ್ಗದ ಕರ್ತೃ) ಆನಂದವರ್ಧನನನ್ನು ಅನುಸರಿಸಿದ್ದಾನೆ’ ಎಂದರೆ ಆಧಾರ ಕುಸಿಯುತ್ತದೆ. ಆನಂದವರ್ಧನನಿಗೆ ಧ್ವನಿ ಕಾವ್ಯದ ಆತ್ಮ, ಇಲ್ಲಿ ಅದು ಅಲಂಕಾರಗಳಲ್ಲಿ ಒಂದು. ಕಾಲದಿಂದಲೂ ಅದು ಖಚಿತವಾಗುವುದಿಲ್ಲ, ಇಬ್ಬರೂ ಹೆಚ್ಚುಕಡಿಮೆ ಸಮಕಾಲೀನರು: ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ದೊರೆ ನೃಪತುಂಗನ ಆಳ್ವಿಕೆ 814ರಿಂದ 878, ಆನಂದವರ್ಧನ ಇದ್ದದ್ದು ಅದೇ ಶತಮಾನದ ಉತ್ತರಾರ್ಧದಲ್ಲಿ, ಕಾಶ್ಮೀರದ ಅವಂತಿವರ್ಮನ ಕಾಲದಲ್ಲಿ. ಧ್ವನ್ಯಾಲೋಕದ ಮೊದಲ ಕಾರಿಕೆಯೇ (ಸೂತ್ರರೂಪದ ಪದ್ಯ) ಬಲ್ಲವರು ಧ್ವನಿಯ ವಿಷಯವನ್ನು ಹಿಂದಿನಿಂದ ಹೇಳಿಕೊಂಡು ಬಂದಿದ್ದಾರೆ ಎನ್ನುತ್ತದೆ; ಅಂದರೆ ಆ ಹೆಸರು ಆನಂದವರ್ಧನನಿಂದಲೇ ಬಂದಿರಬೇಕೆಂದಿಲ್ಲ. ಹೆಸರು ಒಂದಾದ ಮಾತ್ರಕ್ಕೆ ಪರಿಕಲ್ಪನೆ ಒಂದಲ್ಲ ಎಂಬುದಕ್ಕೆ ನಿಮ್ಮ ಪ್ರಬಂಧದಲ್ಲಿ ಒಂದು ಪೂರ್ತಿ ಪ್ಯಾರಾ ಕೊಡಿ.

ಮಾರ್ಗಕಾರ ಯಾರೆಂಬ ಜಗಳ ಹಳೆಯದು. ನೃಪತುಂಗನ ಆಸ್ಥಾನದ ಕವಿ ಶ್ರೀವಿಜಯ ಎನ್ನುವುದಾದರೆ ಕೊನೆಯವರೆಗೂ ಶ್ರೀವಿಜಯ ಎನ್ನಿ. ನಡುವೆ ನೃಪತುಂಗನನ್ನು ಕರ್ತೃವಾಗಿ ತಂದರೆ ಇಬ್ಬರು ಲೇಖಕರಿದ್ದಂತೆ ಕಾಣುತ್ತದೆ.

ಪರಿಭಾಷೆಯಲ್ಲಿ ಇನ್ನೂ ಒಂದು ಅಪಾಯವಿದೆ. ‘ವ್ಯಂಗ್ಯ’ ಶಾಸ್ತ್ರದಲ್ಲಿ ಸೂಚಿತವಾದ ಅರ್ಥ, ಇಂದಿನ ಕನ್ನಡದಲ್ಲಿ ಕುಹಕ. ‘ಧ್ವನಿ’ ಇಂದು ದನಿ, ಸದ್ದು. ಎರಡನ್ನೂ ಮೊದಲ ಬಾರಿ ಬಳಸುವಾಗಲೇ ಬಿಡಿಸಿ ಹೇಳಿ, ಆಮೇಲೆ ಅರ್ಥ ಬದಲಿಸಬೇಡಿ. ‘ಗಂಗಾಯಾಂ ಘೋಷಃ’ ಎಂಬ ಶಾಸ್ತ್ರದ ಉದಾಹರಣೆಯನ್ನು ಹಲವರು ‘ಗಂಗೆಯಲ್ಲಿ ಘೋಷ’ ಎಂದು ಹಾಗೇ ಬಿಡುತ್ತಾರೆ. ಓದುಗ ಘೋಷಣೆಯ ಸದ್ದು ಕೇಳಿಸಿಕೊಳ್ಳುತ್ತಾನೆ! ಇಲ್ಲಿ ಘೋಷ ಎಂದರೆ ಗೊಲ್ಲರ ಹಟ್ಟಿ. ನದಿಯ ಮೇಲೆ ಹಟ್ಟಿ ಇರಲಾರದು, ವಾಚ್ಯಾರ್ಥ (ಪದದ ನೇರ ಅರ್ಥ) ಮುರಿಯಿತು. ಆದ್ದರಿಂದ ಗಂಗೆ ಎಂದರೆ ಗಂಗೆಯ ದಡ, ಇದು ಲಕ್ಷ್ಯಾರ್ಥ. ದಡ ಎಂದೇ ಹೇಳಬಹುದಾಗಿದ್ದಲ್ಲಿ ಗಂಗೆ ಎಂದದ್ದರಿಂದ ಹೊಳೆಯುವ ತಂಪು, ಪಾವಿತ್ರ್ಯ ವ್ಯಂಗ್ಯಾರ್ಥ. ಮೂರು ಹೆಜ್ಜೆಯನ್ನೂ ಇದೇ ಕ್ರಮದಲ್ಲಿ ಬರೆಯಿರಿ. ಎರಡನೆಯದನ್ನು ಹಾರಿಸಿದರೆ ‘ಲಕ್ಷಣೆಗೂ (ಲಕ್ಷ್ಯಾರ್ಥ ಕೊಡುವ ಶಕ್ತಿ) ವ್ಯಂಜನೆಗೂ (ವ್ಯಂಗ್ಯಾರ್ಥ ಕೊಡುವ ಶಕ್ತಿ) ಏನು ಭೇದ’ ಎಂಬ ಪ್ರಶ್ನೆ ಗ್ಯಾರಂಟಿ.

ಉತ್ತರ 2

ಎರಡನೆಯ ಪ್ರಶ್ನೆಗೆ: ಸಾಲದು. ‘ಪ್ರಕಾರ’ದ ಅಧಿಕಾರ ಅದು ಇರುವ ವಾಕ್ಯ ಮುಗಿಯುವವರೆಗೆ ಮಾತ್ರ. ಮುಂದಿನ ವಾಕ್ಯ ಆನಂದವರ್ಧನನದೋ, ಧ್ವನ್ಯಾಲೋಕಕ್ಕೆ ‘ಲೋಚನ’ ಎಂಬ ವ್ಯಾಖ್ಯಾನ ಬರೆದ ಅಭಿನವಗುಪ್ತನದೋ, ನಿಮ್ಮದೋ ತಿಳಿಯದು. ಧ್ವನಿಯ ಕುರಿತ ಪ್ರಬಂಧಗಳಲ್ಲಿ ಹೆಚ್ಚಿನ ಗೊಂದಲ ಇಲ್ಲೇ. ಇವರಿಬ್ಬರ ನಡುವೆ ಸುಮಾರು ನೂರು ವರ್ಷಕ್ಕೂ ಮೀರಿದ ಅಂತರವಿದೆ; ಲೋಚನದ ಮಾತನ್ನು ಧ್ವನ್ಯಾಲೋಕದ್ದೆಂದು ಬರೆಯುವುದು ಸಣ್ಣ ತಪ್ಪಲ್ಲ.

ಕನ್ನಡದಲ್ಲಿ ‘ಎಂದು’ ಮಾತಿನ ಕೊನೆಗೆ ಬರುತ್ತದೆ. ಹಾಗಾಗಿ ಐದು ಸಾಲಿನ ಅಭಿಪ್ರಾಯ ಬರೆದು ಕೊನೆಗೆ ‘ಎಂದು ಅಭಿನವಗುಪ್ತ ಹೇಳುತ್ತಾನೆ’ ಎಂದರೆ, ಓದುಗ ಅಷ್ಟು ಹೊತ್ತು ಅದನ್ನು ನಿಮ್ಮ ಮಾತೆಂದೇ ಓದಿರುತ್ತಾನೆ. ಕರ್ತೃವನ್ನು ಮೊದಲಿಡಿ: ‘ಅಭಿನವಗುಪ್ತ ಇದನ್ನು ಹೀಗೆ ಬಿಡಿಸುತ್ತಾನೆ:’ ಎಂದು ಶುರುಮಾಡಿ. ಅವನ ಮಾತು ಮುಗಿದು ನಿಮ್ಮದು ಶುರುವಾಗುವಲ್ಲಿ ‘ಇದರಿಂದ ತಿಳಿಯುವುದೇನೆಂದರೆ’ ಎಂಬಂಥ ಗಡಿಕಲ್ಲು ನೆಡಿ.

ಕ್ರಿಯಾಪದವನ್ನೂ ಅಳೆದು ಬಳಸಿ. ಹೇಳುತ್ತಾನೆ, ಸೂಚಿಸುತ್ತಾನೆ, ಪ್ರತಿಪಾದಿಸುತ್ತಾನೆ, ಅಲ್ಲಗಳೆಯುತ್ತಾನೆ ಇವೆಲ್ಲ ಒಂದೇ ಅಲ್ಲ. ಕಾರಣ ಕೊಟ್ಟು ವಾದಿಸಿದ್ದರೆ ಮಾತ್ರ ಪ್ರತಿಪಾದನೆ. ‘ಎನ್ನಲಾಗಿದೆ’, ‘ವಿದ್ವಾಂಸರ ಅಭಿಪ್ರಾಯ’ ಇವನ್ನು ಹೊಡೆದುಹಾಕಿ. ಯಾರು ಎಂದು ಬರೆಯಲಾಗದಿದ್ದರೆ ಆ ವಾಕ್ಯವೇ ಬೇಡ.

1,500 ಪದದಲ್ಲಿ ಉದ್ಧರಣೆ ಒಟ್ಟು 150 ಪದ ದಾಟದಿರುವುದು ಒಳ್ಳೆಯದು. ಪದವಿನ್ಯಾಸವೇ ಚರ್ಚೆಯ ವಿಷಯವಾದಲ್ಲಿ ಉದ್ಧರಿಸಿ, ಉಳಿದೆಡೆ ಸಂಗ್ರಹಿಸಿ (ನಿಮ್ಮ ಮಾತಿನಲ್ಲಿ ಸಾರಾಂಶವಾಗಿ) ಹೇಳಿ. ಸಂಗ್ರಹಿಸುವಾಗ ಪುಸ್ತಕ ಮುಚ್ಚಿಟ್ಟು ಬರೆದು, ನಂತರ ತೆರೆದು ತಾಳೆ ನೋಡಿ. ತೆರೆದಿಟ್ಟು ಬರೆದರೆ ನಾಲ್ಕು ಪದ ಬದಲಾದ ಉದ್ಧರಣೆಯಾಗುತ್ತದೆ, ಅದಕ್ಕೆ ಕೃತಿಚೌರ್ಯ ಎಂದೇ ಹೆಸರು. ಉದ್ಧರಣೆ, ಸಂಗ್ರಹ ಎರಡಕ್ಕೂ ಉಲ್ಲೇಖ ಬೇಕು.

ಉತ್ತರ 3

ಅಕ್ಷರಗಳ ವಿಚಾರ. ಕವಿರಾಜಮಾರ್ಗದ ಆ ಸಾಲಿನ ‘ಅಳಂಕಾರಂ’ ಎಂಬಲ್ಲಿನ ಳಕಾರವನ್ನು ಲಕಾರ ಮಾಡಿ ‘ತಿದ್ದ’ಬೇಡಿ, ಸಂಸ್ಕೃತದ ಲಕಾರ ಹೀಗೆ ಳಕಾರವಾಗುವುದನ್ನು ವ್ಯಾಕರಣ ಕ್ಷಳ ಎನ್ನುತ್ತದೆ. ಹಾಗೆಯೇ ಹಳಗನ್ನಡದ ಅಕ್ಷರಗಳಾದ ಱ, ೞ ಕೀಲಿಮಣೆಯಲ್ಲಿ ಸಿಗಲಿಲ್ಲವೆಂದು ರ, ಳ ಹಾಕಿದರೆ ಅರ್ಥವೇ ಕೆಡಬಹುದು: ಬಾೞ್ ಎಂದರೆ ಬದುಕು, ಬಾಳ್ ಎಂದರೆ ಕತ್ತಿ.

ಅಡಿಟಿಪ್ಪಣಿಯಲ್ಲಿ ‘ಸಂ.’ ಎಂಬ ಹ್ರಸ್ವರೂಪ ಬಿಡಿ. ಸಂಪಾದಕ, ಸಂಪುಟ, ಸಂಖ್ಯೆ ಮೂರಕ್ಕೂ ಅದನ್ನೇ ಬಳಸುತ್ತಾರೆ. ‘ಪ.’ ಕೂಡ ಪರಿಚ್ಛೇದವೋ ಪದ್ಯವೋ ಗೊತ್ತಾಗದು. ಪದ್ಯದ ಸಂಖ್ಯೆಯ ಜೊತೆ ಯಾವ ಸಂಪಾದನೆ ಎಂದೂ ಬರೆಯಿರಿ. ಕವಿರಾಜಮಾರ್ಗವನ್ನು ಕೆ.ಬಿ. ಪಾಠಕರು 1898ರಲ್ಲಿ ಅಚ್ಚು ಮಾಡಿಸಿದ ಮೇಲೆ ಬೇರೆ ಸಂಪಾದನೆಗಳೂ ಬಂದಿವೆ. ಒಂದರ ಪಾಠ, ಇನ್ನೊಂದರ ಪುಟಸಂಖ್ಯೆ ಸೇರಿದರೆ ಹುಡುಕುವವರಿಗೆ ಪದ್ಯ ಸಿಗುವುದಿಲ್ಲ. ‘ಅದೇ, ಪುಟ 40’ (ಅದೇ ಎಂದರೆ ಹಿಂದಿನ ಟಿಪ್ಪಣಿಯ ಪುಸ್ತಕ) ಎಂಬ ಬಗೆಯ ಟಿಪ್ಪಣಿಯನ್ನು ಕಟ್ಟಕಡೆಯ ಪ್ರತಿಯಲ್ಲಿ ಮಾತ್ರ ಹಾಕಿ. ಕರಡಿನಲ್ಲೇ ಹಾಕಿ, ಆಮೇಲೆ ನಡುವೆ ಹೊಸ ಟಿಪ್ಪಣಿ ಸೇರಿಸಿದರೆ ‘ಅದೇ’ ಬೇರೆ ಪುಸ್ತಕವನ್ನು ತೋರಿಸತೊಡಗುತ್ತದೆ.