ಗೋಡೌನಿನಲ್ಲಿ ಅಡಿಕೆ ಕಡಿಮೆ: ಒಳಗಿನ ತನಿಖೆ ಮಾಡಿಸಿದವರು ಅನುಭವ ಹೇಳಿ

ಕುಂಬಳೆ ಗೋಡೌನ್: ನಮ್ಮಲ್ಲಿ 22 ಜನ. ಲೆಕ್ಕಕ್ಕಿಂತ 11 ಗೋಣಿ ಚಾಲಿ (ಒಣ ಅಡಿಕೆ) ಕಡಿಮೆ ಉಂಟು. ಸ್ಟೋರಿನವನ ಮೇಲೆ ಸಂಶಯ. ಪೊಲೀಸರ ಹತ್ತಿರ ಹೋಗುವ ಮೊದಲು ನಾವೇ ವಿಚಾರಣೆ ಮಾಡೋಣ ಅಂತ. ಎಲ್ಲಿಂದ ಶುರು ಮಾಡುವುದು?

ಉಪ್ಪಳ ಅಕೌಂಟೆಂಟ್: ಆ ಸ್ಟೋರಿನವನ ಹಾಗೆ ಸಂಶಯಕ್ಕೆ ಗುರಿಯಾದವನು ನಾನು. 2019ರಲ್ಲಿ ಸಸ್ಪೆಂಡ್ ಮಾಡಿದರು. ಚಾರ್ಜ್‌ಶೀಟ್ ಕಂಪನಿಯಿಂದ ಬಂದದ್ದು ಏಳು ತಿಂಗಳ ಮೇಲೆ, ಅದೂ ನನಗೆ ಓದಲು ಬಾರದ ಮಲಯಾಳದಲ್ಲಿ. ಪಕ್ಕದ ಮನೆಯ ಹುಡುಗಿಯಿಂದ ಓದಿಸಿದೆ. ಸಂಜೆಗೆ ಊರಿಡೀ ಸುದ್ದಿ. ಮೊದಲ 90 ದಿನ ಅರ್ಧ ಸಂಬಳ, ಆಮೇಲೆ ಮುಕ್ಕಾಲು ಕೊಡಬೇಕು. ನನಗೆ ಏಳು ತಿಂಗಳೂ ಅರ್ಧವೇ. ದೂರು ಕೊಟ್ಟ ಮ್ಯಾನೇಜರೇ ವಿಚಾರಣೆಗೂ ಕುಳಿತ! ಕಣ್ಣೂರು ಲೇಬರ್ ಕೋರ್ಟಿಗೆ 14 ಸಲ ಹೋದೆ. ರೈಲು, ಆಟೋ, ಊಟ ಸೇರಿ ಸಲಕ್ಕೆ 480. ಒಟ್ಟು 6,720, ಡೈರಿಯಲ್ಲಿ ಉಂಟು. ವಕೀಲರಿಗೆ 38,000. ಕೆಲಸ ವಾಪಸ್ ಸಿಕ್ಕಿತು. ಸೊಸೈಟಿ ಸಾಲ ತೀರಲಿಲ್ಲ.

ಪೆರ್ಲದ ಎಚ್‌ಆರ್, ಈಗ ಮಂಗಳೂರು: ಮ್ಯಾನೇಜರನ್ನು ಕೂರಿಸಿದ್ದು ತಪ್ಪೇ. ನಾನು ಯಾವಾಗಲೂ ಹೊರಗಿನ ವಕೀಲರನ್ನು ವಿಚಾರಣಾಧಿಕಾರಿ ಮಾಡುತ್ತೇನೆ. ಆರು ಕೇಸಿನಲ್ಲಿ ಐದು ಗೆದ್ದಿದ್ದೇನೆ. ಆರನೆಯದು ಡಿವಿಆರ್‌ನಿಂದ (ಸಿಸಿಟಿವಿ ರೆಕಾರ್ಡರ್) ಹೋಯಿತು. 15 ದಿನಕ್ಕೆ ಹಳೆಯದು ಅಳಿಯುತ್ತಿತ್ತು. ನನಗೆ ನೆನಪಾದದ್ದು 17ನೇ ದಿನ. ಆಮೇಲೆ ಎಲ್ಲವನ್ನೂ ಹ್ಯಾಶ್ (ಫೈಲ್ ಬದಲಾಗಿಲ್ಲ ಅಂತ ತೋರಿಸುವ ಗುರುತು) ಹಾಕಿ ಕಾಪಿ ಮಾಡಿಸುತ್ತೇನೆ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಸರ್ಟಿಫಿಕೇಟ್ (ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವಂಥದ್ದು) ಸಮೇತ. ಕಳೆದ ಸಲ 22,000 ಆಯಿತು.

ಬದಿಯಡ್ಕ ಹಳೇ ಯೂನಿಯನ್: 22,000ವಾ ಮಾರಾಯ್ರೇ! ಒಳಗಿನ ವಿಚಾರಣೆಗೆ ಸಾಕ್ಷ್ಯದ ಕಾನೂನು ಅಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಕ್ರಿಮಿನಲ್ ಕೇಸಿನ ಹಾಗೆ ಸಂಶಯವೇ ಇಲ್ಲದಂತೆ ಸಾಬೀತು ಮಾಡಬೇಕಿಲ್ಲ. ಆದರೆ ಸಾಕ್ಷಿಗಳನ್ನು ಆರೋಪ ಹೊತ್ತವನ ಎದುರೇ ಕೇಳಬೇಕು, ಅವನಿಗೆ ಪಾಟೀಸವಾಲಿಗೆ ಬಿಡಬೇಕು. ಅದೊಂದು ಬಿಟ್ಟು ಎಚ್‌ಆರ್‌ನವರು ಎಲ್ಲ ಮಾಡುತ್ತಾರೆ. ನಮ್ಮ ಹುಡುಗನೊಬ್ಬನಿಂದ "ಸುಮ್ನೆ ಒಂದು ಸೈನ್" ಅಂತ ಖಾಲಿ ಹಾಳೆಗೆ ಹಾಕಿಸಿದ್ದರು.

ಪೆರ್ಲದ ಎಚ್‌ಆರ್: ನಾನು ಹಾಕಿಸಲಿಲ್ಲ. ಪೊಲೀಸ್ ಕೇಸ್ ಆದರೆ ಆ ಸರ್ಟಿಫಿಕೇಟೇ ಬೇಕು, ಆಗ ಯೂನಿಯನ್ ಬರುತ್ತದಾ? ಮತ್ತೆ ಉಪ್ಪಳದವರೇ, ಕೇರಳದಲ್ಲಿದ್ದು ಮಲಯಾಳ ಓದಲು ಬಾರದ್ದು ಕಂಪನಿಯ ತಪ್ಪಾ?

ಉಪ್ಪಳ ಅಕೌಂಟೆಂಟ್: ಕನ್ನಡ ಶಾಲೆಯಲ್ಲಿ ಕಲಿತದ್ದು ನನ್ನ ತಪ್ಪಾ? ಅಪಾಯಿಂಟ್‌ಮೆಂಟ್ ಆರ್ಡರ್ ಕನ್ನಡದಲ್ಲೇ ಕೊಟ್ಟಿದ್ದರು. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದವರು ನಮಗೆ ಭಾಷೆ ಕಲಿಸುವುದು ಬೇಡ.

ಬದಿಯಡ್ಕ ಹಳೇ ಯೂನಿಯನ್: ಹೌದು. ಮಂಗಳೂರಿನವರು ಫೀಸೂ ಜಾಸ್ತಿ, ಮಾತೂ ಜಾಸ್ತಿ.

ಕುಂಬಳೆ ಗೋಡೌನ್: ಡಿವಿಆರ್ ಎಷ್ಟು ದಿನ ಅಂದಿರಿ?